ಮೂರು ಕೆ.ಜಿ. ನಾಯಿ, ಮೂವತ್ತು ಕೆ.ಜಿ. ಜಂಬ

ಯಾರ್ಕ್‌ಷೈರ್ ಟೆರಿಯರ್ ಮರಿ ತರಬೇಕು ಅಂದುಕೊಂಡವರು ಸಾಮಾನ್ಯವಾಗಿ ನನ್ನನ್ನು ಕೇಳುವುದು ಕೂದಲಿನ ಬಗ್ಗೆ. ದಿನಾ ಬಾಚಬೇಕಾ, ಉದುರುತ್ತಾ, ಜುಟ್ಟು ಕಟ್ಟಬೇಕಾ ಅಂತ. ಸ್ವಭಾವದ ಬಗ್ಗೆ ಯಾರೂ ಅಷ್ಟಾಗಿ ಕೇಳುವುದಿಲ್ಲ. ಇಷ್ಟು ಪುಟ್ಟ ಪ್ರಾಣಿ, ಮಡಿಲಲ್ಲಿ ಮಲಗಿಕೊಂಡು ಸುಮ್ನೆ ಇರುತ್ತದೆ ಎಂದು ಮೊದಲೇ ತೀರ್ಮಾನ ಮಾಡಿಬಿಟ್ಟಿರುತ್ತಾರೆ. ನಮ್ಮ ಮೈಸೂರಿನ ಮನೆಯಲ್ಲಿ ಕಡ್ಲೆ ಎಂಬ ಹೆಣ್ಣು ಯಾರ್ಕಿ ಬೆಳೆದದ್ದನ್ನು ನೋಡಿದ ಮೇಲೆ ನಾನು ಹೇಳುವುದು ಬೇರೆ. ಇದು ಇಲಿ ಹಿಡಿಯುವ ನಾಯಿ. ಮೈ ಮಾತ್ರ ಚಿಕ್ಕದು, ಬುದ್ಧಿ ಇನ್ನೂ ಹಳೇ ಕಸುಬಿನದೇ.

19ನೇ ಶತಮಾನದಲ್ಲಿ ಸ್ಕಾಟ್ಲೆಂಡಿನ ನೇಕಾರರು ಕೆಲಸ ಹುಡುಕಿಕೊಂಡು ಇಂಗ್ಲೆಂಡಿನ ಯಾರ್ಕ್‌ಷೈರ್ ಕಡೆಯ ಬಟ್ಟೆ ಗಿರಣಿಗಳಿಗೆ ಬಂದರು. ಬರುವಾಗ ತಮ್ಮ ಸಣ್ಣ ಟೆರಿಯರ್ ನಾಯಿಗಳನ್ನೂ ಕರೆತಂದರು. ಗಿರಣಿಗಳಲ್ಲಿ ಇಲಿಗಳ ಕಾಟ. ಅಲ್ಲಿ ಬೆಳೆದ ತಳಿ ಇದು. ಈಗಿನ ಯಾರ್ಕಿಗಳ ಮೂಲಪುರುಷ ಎನ್ನಿಸಿಕೊಂಡ ಹಡರ್ಸ್‌ಫೀಲ್ಡ್ ಬೆನ್ ಎಂಬ ನಾಯಿ ಹುಟ್ಟಿದ್ದು 1865ರಲ್ಲಿ. ಪ್ರದರ್ಶನಗಳಲ್ಲಿ ಬಹುಮಾನ ಗೆಲ್ಲುತ್ತಿದ್ದ ಅದೇ ನಾಯಿ ಇಲಿ ಕೊಲ್ಲುವ ಪಂದ್ಯಗಳಲ್ಲೂ ಗೆಲ್ಲುತ್ತಿತ್ತು. ಶ್ರೀಮಂತ ಹೆಂಗಸರ ಕೈಚೀಲ ಸೇರಿದ್ದು ಆಮೇಲಿನ ಕಥೆ.

ಕಡ್ಲೆಗೆ ಈ ಚರಿತ್ರೆಯನ್ನು ಯಾರೂ ಹೇಳಿಕೊಡಲಿಲ್ಲ. ಮೂರು ತಿಂಗಳ ಮರಿಯಾಗಿದ್ದಾಗಲೇ ಹಿತ್ತಲಲ್ಲಿ ತೆಂಗಿನ ಗರಿ ಒಟ್ಟಿದ್ದ ಮೂಲೆಗೆ ಹೋಗಿ ನಿಂತುಬಿಡುತ್ತಿದ್ದಳು. ಮುಂಗಾಲು ಒಂದನ್ನು ಎತ್ತಿ ಮಡಚಿಕೊಂಡು, ಬಾಲ ಅಲ್ಲಾಡಿಸದೆ, ಕಿವಿ ಮುಂದಕ್ಕೆ ಮಾಡಿಕೊಂಡು. ಒಳಗೆ ಏನೋ ಸರಕ್ ಎಂದರೆ ಸಾಕು, ಮೂತಿ ಗರಿಯೊಳಗೆ, ಹಿಂಗಾಲಿನಿಂದ ಮಣ್ಣು ನಮ್ಮ ಮುಖಕ್ಕೆ. ಮನೆಯೊಳಗಾದರೆ ಕಾಲ್ಚೀಲ. ಅದನ್ನು ಕಚ್ಚಿ ಹಿಡಿದು ತಲೆಯನ್ನು ಆ ಕಡೆ ಈ ಕಡೆ ಪಟಪಟ ಒದರುತ್ತಾಳೆ. ಬಂದವರೆಲ್ಲ "ಅಯ್ಯೋ ಎಷ್ಟು ಮುದ್ದು" ಎಂದು ಫೋನ್ ತೆಗೆಯುತ್ತಾರೆ. ಅದು ಇಲಿಯ ಬೆನ್ನುಮೂಳೆ ಮುರಿಯುವ ವಿಧಾನ ಎಂದು ನಾನು ಹೇಳುವುದಿಲ್ಲ. ಟ್ಯೂಬ್‌ಲೈಟ್ ಪಕ್ಕದ ಹಲ್ಲಿಯನ್ನು ನೋಡುತ್ತಾ ಊಟ ಮರೆತು ಕೂತ ಸಂಜೆಗಳೂ ಇವೆ.

ಈ ಬುದ್ಧಿಯನ್ನು ಬೈದು ಬಿಡಿಸಲು ಆಗುವುದಿಲ್ಲ. ಅದಕ್ಕೊಂದು ದಾರಿ ಮಾಡಿಕೊಡಬೇಕು. ಹಳೇ ಟವೆಲಿಗೆ ಗಂಟು ಹಾಕಿ ಹಗ್ಗಕ್ಕೆ ಕಟ್ಟಿ ನೆಲದ ಮೇಲೆ ಎಳೆದಾಡಿಸುತ್ತಿದ್ದೆವು. ಅಟ್ಟಿಸಿಕೊಂಡು ಬಂದು ಹಿಡಿಯುತ್ತಾಳೆ, ಒದರುತ್ತಾಳೆ, "ಬಿಡು" ಎಂದಾಗ ಬಿಟ್ಟರೆ ಒಂದು ತುಣುಕು ಬೇಯಿಸಿದ ಕೋಳಿ. "ಬಿಡು" ಎನ್ನುವುದು ಯಾರ್ಕಿ ಮರಿಗೆ ಮೊದಲು ಕಲಿಸಬೇಕಾದ ಮಾತು, "ಕೂತ್ಕೋ" ಆಮೇಲೆ ಸಾಕು. ಅದರ ಜೊತೆಗೆ ಮನೆಯಲ್ಲಿದ್ದ ಇಲಿ ಪಾಷಾಣವನ್ನೆಲ್ಲ ತೆಗೆಸಿದೆ. ಇಲಿ ಮೂತ್ರದಿಂದ ಲೆಪ್ಟೊಸ್ಪೈರೋಸಿಸ್ ಎಂಬ ಕಾಯಿಲೆ ಹರಡುವುದರಿಂದ ಅದರ ಲಸಿಕೆಯೂ ಆಗಿದೆಯೇ ಎಂದು ಡಾಕ್ಟರನ್ನು ಕೇಳಿ ಖಾತ್ರಿ ಮಾಡಿಕೊಂಡೆ.

ಕಚ್ಚುವುದರ ಬಗ್ಗೆ ಹೇಳಲೇಬೇಕು. ಹಾಲುಹಲ್ಲು 28, ಒಂದೊಂದೂ ಸೂಜಿಮೊನೆ. ನಾಲ್ಕನೇ ತಿಂಗಳ ಹೊತ್ತಿಗೆ ಅವು ಬೀಳಲು ಶುರುವಾಗಿ 42 ಹೊಸ ಹಲ್ಲು ಬರುವ ತನಕ ಸಿಕ್ಕಿದ್ದೆಲ್ಲ ಬಾಯಿಗೆ. ಸೀರೆ ನೆರಿಗೆ, ಚಪ್ಪಲಿ ಉಂಗುಷ್ಠ, ಕಾಲಿನ ಹಿಮ್ಮಡಿ. ಕೈ ಕಚ್ಚಿದಾಗ ಕಿರುಚಿ ಕೈ ಎಳೆದುಕೊಂಡರೆ ಆಟ ಇನ್ನೂ ಜೋರಾಗುತ್ತದೆ, ಓಡುವುದನ್ನು ಹಿಡಿಯುವ ಜಾತಿ ಅಲ್ವಾ? ನಾವು ಮಾಡಿದ್ದು ಕೈಯನ್ನು ಮರದಂತೆ ನಿಲ್ಲಿಸಿ, ಎದ್ದು, ಬೆನ್ನು ತಿರುಗಿಸಿ ಆಚೆ ಹೋಗುವುದು. ಮನೆಯವರೆಲ್ಲ ಹಾಗೇ ಮಾಡಬೇಕು. ಒಬ್ಬರು ನಕ್ಕು ಆಟ ಮುಂದುವರಿಸಿದರೂ ಪಾಠ ಕೆಟ್ಟಿತು. ಒದ್ದೆ ಬಟ್ಟೆಯನ್ನು ಹಿಂಡಿ ಫ್ರೀಜರಿನಲ್ಲಿಟ್ಟು ಕೊಟ್ಟರೆ ಒಸಡಿಗೆ ತಂಪು, ಅದನ್ನೇ ಗಂಟೆಗಟ್ಟಲೆ ಅಗಿಯುತ್ತಿದ್ದಳು. ಬಟ್ಟೆ ಚೂರು ನುಂಗದಂತೆ ಪಕ್ಕದಲ್ಲೇ ಕೂತಿರಬೇಕು ಅಷ್ಟೇ. ಯಾರ್ಕಿಗಳಲ್ಲಿ ಇನ್ನೊಂದು ಇದೆ: ಹೊಸ ಕೋರೆಹಲ್ಲು ಬಂದರೂ ಹಳೇದು ಬೀಳದೆ ಜೊತೆಗೇ ನಿಂತುಬಿಡುವುದು ಜಾಸ್ತಿ. ಆರು ತಿಂಗಳಿನ ಸುಮಾರಿಗೆ ಬಾಯಿ ತೆರೆದು ನೋಡಿ, ಇದ್ದರೆ ಡಾಕ್ಟರಿಗೆ ತೋರಿಸಿ.

ದೀಪ ಹಚ್ಚುವ ಹೊತ್ತಿಗೆ ನಮ್ಮ ಮನೆಯಲ್ಲಿ ಭೂತ ಬರುತ್ತಿತ್ತು. ಅಲ್ಲಿಯ ತನಕ ಚೆನ್ನಾಗಿದ್ದ ಮರಿ ಇದ್ದಕ್ಕಿದ್ದಂತೆ ಸೊಂಟ ಬಗ್ಗಿಸಿಕೊಂಡು ಸೋಫಾ ಸುತ್ತ ಓಡುವುದು, ಗೋಡೆಗೆ ಢಿಕ್ಕಿ ಹೊಡೆಯುವುದು, ಯಾರ ಕಾಲಾದರೂ ಸರಿ ಕಚ್ಚುವುದು. ಶಕ್ತಿ ಜಾಸ್ತಿಯಾಗಿದೆ, ಇನ್ನಷ್ಟು ಆಡಿಸಿ ಎಂದು ಎಲ್ಲರೂ ಹೇಳಿದರು. ನಾನು ನೋಡಿದ ಹಾಗೆ ಇದು ಉಲ್ಟಾ. ಈ ವಯಸ್ಸಿನ ಮರಿ ದಿನಕ್ಕೆ 18 ಗಂಟೆಯಾದರೂ ಮಲಗಬೇಕು. ಬಂದುಹೋಗುವವರ ಗಲಾಟೆಯಲ್ಲಿ ಮಧ್ಯಾಹ್ನದ ನಿದ್ದೆ ತಪ್ಪಿದ ದಿನವೇ ಈ ಭೂತ ಹೆಚ್ಚು. ಬುಟ್ಟಿಯಲ್ಲಿ ಮಲಗಿಸಿ, ಅರ್ಧ ಮುಚ್ಚುವಂತೆ ಹಳೇ ಪಂಚೆ ಹೊದಿಸಿ, ಕೋಣೆ ಲೈಟ್ ಆರಿಸಿದರೆ ಸ್ವಲ್ಪ ಹೊತ್ತಿಗೆಲ್ಲ ಗೊರಕೆ.

ಇನ್ನು ಬೊಗಳುವುದು. ಯಾರ್ಕಿ ಸಾಕುವವರ ಅಕ್ಕಪಕ್ಕದ ಮನೆಯವರು ನಿಮಗೆ ಹೇಳುತ್ತಾರೆ. ಗೇಟಿನ ಚಿಲಕ, ಸೊಪ್ಪಿನ ಗಾಡಿಯ ಕೂಗು, ಇಸ್ತ್ರಿಯವರ ಸೈಕಲ್ ಬೆಲ್, ಕೊರಿಯರ್, ಟಿವಿಯೊಳಗಿನ ಕಾಲಿಂಗ್ ಬೆಲ್, ಎಲ್ಲಕ್ಕೂ ಒಂದೇ ಉತ್ತರ. ನಾವು "ಏಯ್, ಸುಮ್ನಿರು" ಎಂದು ಕಿರುಚಿದರೆ ಅವಳ ಲೆಕ್ಕದಲ್ಲಿ ನಾವೂ ಜೊತೆಗೆ ಬೊಗಳಿದ ಹಾಗೆ. ಅದಕ್ಕೆ ನಾವೇ ಗೇಟಿನ ಚಿಲಕ ಆಡಿಸಲು ಶುರು ಮಾಡಿದೆವು. ಮೊದಲು ಮೆಲ್ಲಗೆ, ಅವಳು ಬೊಗಳುವ ಮೊದಲೇ ಬಾಯಿಗೊಂದು ತುಣುಕು. ದಿನ ಕಳೆದಂತೆ ಸದ್ದು ಜೋರು ಮಾಡಿದೆವು. ಬೊಗಳಿದರೆ ಒಂದೆರಡು ಸಲ ಬಿಟ್ಟು, "ಸಾಕು" ಎಂದು ಮೆಲ್ಲಗೆ ಹೇಳಿ, ಬಾಯಿ ಮುಚ್ಚಿದ ಆ ಕ್ಷಣಕ್ಕೇ ತುಣುಕು. ಈಗಲೂ ಬೊಗಳುತ್ತಾಳೆ. ಎರಡು ಸಲ ಬೊಗಳಿ, ನನ್ನ ಕಡೆ ತಿರುಗಿ, ಕೂಲಿ ಕೇಳುವಂತೆ ನಿಲ್ಲುತ್ತಾಳೆ. ಇಷ್ಟು ಸಾಕು ನನಗೆ. ಬೊಗಳದೇ ಇರುವ ಯಾರ್ಕಿ ಬೇಕೆನ್ನುವವರು ಬೇರೆ ತಳಿ ನೋಡುವುದು ಒಳ್ಳೆಯದು.

ಜಂಬದ ವಿಷಯಕ್ಕೆ ಬಂದರೆ, ತನ್ನ ಗಾತ್ರ ಎಷ್ಟು ಅಂತ ಈ ನಾಯಿಗೆ ಗೊತ್ತೇ ಇರುವುದಿಲ್ಲ. ನಮ್ಮ ಬೀದಿ ನಾಯಿಗಳು ಒಳ್ಳೆಯವೇ. ಆದರೆ ಅಂಗೈಯಗಲದ ಮರಿಯೊಂದು ನೇರ ಮೂತಿಗೇ ನುಗ್ಗಿದರೆ ಎಷ್ಟು ದಿನ ಸುಮ್ಮನಿರುತ್ತವೆ? ಇಲ್ಲಿ ಎಲ್ಲರೂ ಮಾಡುವುದು ತಕ್ಷಣ ಎತ್ತಿಕೊಳ್ಳುವುದು. ಅಪಾಯ ಇದ್ದರೆ ಸರಿ. ಎಲ್ಲದಕ್ಕೂ ಎತ್ತಿಕೊಂಡರೆ ಮರಿ ಎರಡು ಪಾಠ ಕಲಿಯುತ್ತದೆ. ಒಂದು, ನೆಲದ ಮೇಲೆ ಏನೋ ಭಯಂಕರ ಇದೆ. ಎರಡು, ಮೇಲಿನಿಂದ ಯಾರಿಗೆ ಬೇಕಾದರೂ ಬೈಯಬಹುದು. ತೋಳಲ್ಲಿ ಕೂತು ಬಂದವರಿಗೆಲ್ಲ ಹಲ್ಲು ತೋರಿಸುವ ಯಾರ್ಕಿಗಳನ್ನು ನೀವೂ ನೋಡಿರಬಹುದು.

ನಮ್ಮ ಅತ್ತೆಗೂ ನನಗೂ ಇದರಲ್ಲೇ ತಕರಾರು. "ಪಾಪ ಕಣೇ, ಮರಿ, ಎತ್ಕೋ" ಎನ್ನುವುದು ಅವರು. "ಅತ್ತೆ, ಅದಕ್ಕೂ ಕಾಲಿದೆ, ನಡೀಲಿ ಬಿಡಿ" ಎನ್ನುವುದು ನಾನು. ಕೊನೆಗೆ ಒಪ್ಪಂದವಾಯಿತು. ಅವರು ನೆಲದ ಮೇಲೆ ಚಾಪೆ ಹಾಸಿಕೊಂಡು ಕೂರುವುದು, ಮರಿ ತಾನಾಗಿ ಬಂದರೆ ಮಡಿಲು. ಬರುತ್ತಿದ್ದಳು ಅನ್ನಿ. ಹೂ ಕಟ್ಟುವಾಗ ದಾರ ಎಳೆಯಲಿಕ್ಕೆ.

ಹೊರಗಿನ ಪ್ರಪಂಚ ತೋರಿಸುವುದಕ್ಕೆ ಮಾತ್ರ ಎತ್ತಿಕೊಂಡೇ ಹೋದೆವು. ಮರಿ ಹೊಸದನ್ನು ಸುಲಭವಾಗಿ ಒಪ್ಪಿಕೊಳ್ಳುವುದು ಸುಮಾರು 14 ವಾರದೊಳಗೆ. ಲಸಿಕೆಗಳು ಮುಗಿಯುವುದು 16 ವಾರದ ಹೊತ್ತಿಗೆ. ಮರಿಗಳ ಪ್ರಾಣಕ್ಕೇ ಕುತ್ತು ತರುವ ಪಾರ್ವೊ ಎಂಬ ವೈರಸ್ ಕಾಯಿಲೆಯ ಹೆದರಿಕೆಗೆ ಅಲ್ಲಿಯ ತನಕ ಬೀದಿಯಲ್ಲಿ ಬಿಡುವಂತಿಲ್ಲ, ಹಾಗಂತ ಮನೆಯೊಳಗೇ ಇಟ್ಟರೆ ಆ ವಯಸ್ಸು ಮತ್ತೆ ಬರುವುದಿಲ್ಲ. ಅದಕ್ಕೆ ಬಟ್ಟೆ ಚೀಲದಲ್ಲಿ ಕೂರಿಸಿ ಹೆಗಲಿಗೆ ಹಾಕಿಕೊಂಡು ದೇವರಾಜ ಮಾರ್ಕೆಟ್ ಹೊರಗಡೆ ಒಂದು ಸುತ್ತು, ದೇವಸ್ಥಾನದ ಗಂಟೆ ಕೇಳುವಷ್ಟು ದೂರದಲ್ಲಿ ನಿಲ್ಲುವುದು, ಆಟೋದಲ್ಲಿ ಸವಾರಿ. ಕುಕ್ಕರ್ ವಿಸಿಲ್ ಮನೆಯಲ್ಲೇ ಆಯಿತು. ಪಟಾಕಿ ಸದ್ದನ್ನು ಫೋನಿನಲ್ಲಿ ಸಣ್ಣಗೆ ಹಾಕಿ ಊಟ ಕೊಡುತ್ತಿದ್ದೆ. ದೀಪಾವಳಿಗೆ ಕಡ್ಲೆ ಮಂಚದ ಕೆಳಗೆ ಹೋದಳು ನಿಜ, ಆದರೆ ಅಲ್ಲಿ ಕೂತು ಊಟ ಮಾಡಿದಳು.

ಎಲ್ಲಕ್ಕಿಂತ ಮುಖ್ಯವಾದ ಮಾತು ಇದು. ಯಾರ್ಕಿ ಮರಿ ಇದ್ದಕ್ಕಿದ್ದಂತೆ ಸಾಧುವಾದರೆ ಖುಷಿಪಡಬೇಡಿ. ಇಷ್ಟು ಚಿಕ್ಕ ಮರಿಗಳಿಗೆ ರಕ್ತದಲ್ಲಿ ಸಕ್ಕರೆ ಬೇಗ ಇಳಿಯುತ್ತದೆ. ರಾತ್ರಿ ಸರಿಯಾಗಿ ತಿನ್ನದ ಒಂದು ಬೆಳಿಗ್ಗೆ ಕಡ್ಲೆ ಎದ್ದು ಬಂದು ಕಾಲಿಗೆ ಸುತ್ತಿಕೊಳ್ಳಲಿಲ್ಲ. ಎಬ್ಬಿಸಿದರೆ ಹೆಜ್ಜೆ ತೂರಾಡುತ್ತಿತ್ತು, ಕಣ್ಣು ಎಲ್ಲೋ. ಬೆರಳಿಗೆ ಜೇನುತುಪ್ಪ ಅದ್ದಿ ಒಸಡಿಗೆ ತಿಕ್ಕಿ, ಟವೆಲಿನಲ್ಲಿ ಸುತ್ತಿ ಬೆಚ್ಚಗೆ ಮಾಡಿ ಡಾಕ್ಟರ ಹತ್ತಿರ ಓಡಿದೆವು. ದಾರಿಯಲ್ಲೇ ತಲೆ ಎತ್ತಿದಳು. ಬಾಯಿಗೆ ಸುರಿಯಬಾರದು, ನುಂಗುವ ಸ್ಥಿತಿ ಇಲ್ಲದಿದ್ದರೆ ಶ್ವಾಸನಾಳಕ್ಕೆ ಹೋಗುತ್ತದೆ, ತಿಕ್ಕಬೇಕು ಅಷ್ಟೇ. ಮರಿಯಿದ್ದಾಗ ದಿನಕ್ಕೆ ನಾಲ್ಕು ಸಲ ಸ್ವಲ್ಪ ಸ್ವಲ್ಪ ಊಟ ಕೊಡುವುದು ಇದಕ್ಕೇ. ಈಗಲೂ ನಮ್ಮ ಫ್ರಿಜ್ ಮೇಲೆ ಪುಟ್ಟ ಜೇನಿನ ಬಾಟಲಿ ಇದೆ.

ಊಟದ ಮಾತು ಬಂದದ್ದಕ್ಕೆ ಇನ್ನೊಂದು. ಪಾಯಸದ ಒಣದ್ರಾಕ್ಷಿ, ಹಸಿ ದ್ರಾಕ್ಷಿ, ಚಾಕೊಲೇಟ್, ಈರುಳ್ಳಿ ಹಾಕಿದ ಸಾರು ಯಾವ ನಾಯಿಗೂ ಆಗದು. ಮೂರು ಕೆ.ಜಿ. ಮೈಗೆ ಸ್ವಲ್ಪವೇ ಬಹಳವಾಗುತ್ತದೆ. ಹಬ್ಬದ ದಿನ ಬಂದ ನೆಂಟರಿಗೆ ಇದನ್ನು ಬಾಗಿಲಲ್ಲೇ ಹೇಳಿಬಿಡುತ್ತೇನೆ, ಅವರಿಗೆ ಬೇಜಾರಾದರೂ ಸರಿ.

ಉಚ್ಚೆ ಅಭ್ಯಾಸ ಮಾಡಿಸುವುದು ಈ ತಳಿಯಲ್ಲಿ ತಾಳ್ಮೆಯ ಕೆಲಸ. ಮೂತ್ರಕೋಶವೇ ಅಷ್ಟು ಚಿಕ್ಕದು. ಎದ್ದ ಕೂಡಲೆ, ತಿಂದ ಮೇಲೆ, ಆಡಿದ ಮೇಲೆ ಹಿತ್ತಲಿಗೆ. ಮಳೆ ಬಂದರೆ ಮಹಾರಾಣಿ ಹೊಸ್ತಿಲು ದಾಟುವುದಿಲ್ಲ. ಮೈಸೂರಿನ ಜಡಿಮಳೆಯ ದಿನಗಳಿಗೆಂದು ಒಗೆಯುವ ಕಲ್ಲಿನ ಪಕ್ಕ, ಶೀಟಿನ ಕೆಳಗೆ ಒಂದು ಜಾಗ ಮಾಡಿಕೊಟ್ಟೆವು.

ಬಾಚುವುದು ಕೂಡ ಸ್ವಭಾವದ ಪಾಠವೇ. ಮರಿಯ ಕೂದಲು ಕಪ್ಪು ಮತ್ತು ಕಂದು, ಚಿಕ್ಕದು. ಅದು ಬೂದು ನೀಲಿಗೆ ತಿರುಗಿ ಉದ್ದ ಬೆಳೆಯಲು ಎರಡು ವರ್ಷವಾದರೂ ಬೇಕು. ಬಾಚುವ ಅಗತ್ಯ ಇಲ್ಲದ ಆ ದಿನಗಳಲ್ಲೇ ದಿನಾ ಬಾಚಣಿಗೆ ಮುಟ್ಟಿಸಿ, ಪಾದ ಹಿಡಿದು, ಕಿವಿ ಮಡಚಿ, ತುಟಿ ಎತ್ತಿ ಅಭ್ಯಾಸ ಮಾಡಿಸಿದ್ದರಿಂದ ಈಗ ಉಗುರು ಕತ್ತರಿಸುವಾಗ ಜಗಳವಿಲ್ಲ. ಕೊರಳಿಗೆ ಬೆಲ್ಟ್ ಹಾಕಿ ಎಳೆಯಬೇಡಿ. ಇವುಗಳ ಶ್ವಾಸನಾಳ ಮೆತ್ತಗೆ, ಮುಂದೆ ಕೆಮ್ಮು ಶುರುವಾಗುತ್ತದೆ. ಎದೆಗೆ ಹಾಕುವ ಹಾರ್ನೆಸ್ ಇರಲಿ.

ಮರಿ ನೋಡಲು ಹೋಗುವವರಿಗೆ ಎರಡು ಮಾತು. "ಟೀಕಪ್ ಯಾರ್ಕಿ" ಎಂದು ಹೆಚ್ಚು ದುಡ್ಡು ಕೇಳಿದರೆ ಎದ್ದು ಬನ್ನಿ. ಅಂಥ ತಳಿ ಇಲ್ಲ, ಇರುವುದು ತೀರಾ ಸಣ್ಣಗೆ ಹುಟ್ಟಿದ ಮರಿ, ಸಕ್ಕರೆ ಇಳಿಯುವ ತೊಂದರೆ ಅವಕ್ಕೇ ಜಾಸ್ತಿ. ಎಂಟು ವಾರದೊಳಗಿನ ಮರಿ ಬೇಡ, ಹನ್ನೆರಡು ವಾರ ತಾಯಿ ಹತ್ತಿರ ಇದ್ದರೆ ಇನ್ನೂ ಒಳ್ಳೆಯದು. ಅಣ್ಣ ತಂಗಿಯರನ್ನು ಕಚ್ಚಿ, ಕಚ್ಚಿಸಿಕೊಂಡು ಬಾಯಿ ಹದ ಕಲಿತಿರುತ್ತದೆ. ತಾಯಿ ನಾಯಿಯನ್ನು ತೋರಿಸಿ ಎಂದು ಕೇಳಿ, ಅದು ಹೊಸಬರನ್ನು ಹೇಗೆ ನೋಡುತ್ತದೆ ಎಂದು ಗಮನಿಸಿ. ಆಮೇಲೆ ನೆಲದ ಮೇಲೆ ಕೂತು ಕೀ ಗೊಂಚಲು ಕೆಳಗೆ ಬೀಳಿಸಿ. ಬೆಚ್ಚಿ, ಹಿಂದೆ ಸರಿದು, ಮತ್ತೆ ಮೂಸಲು ಬರುವ ಮರಿಯನ್ನು ನಾನಾದರೆ ಆರಿಸಿಕೊಳ್ಳುತ್ತೇನೆ. ಮೂಲೆ ಸೇರಿ ಹೊರಗೇ ಬರದ ಮರಿಗೆ ಸಮಯ ಕೊಡುವಷ್ಟು ಬಿಡುವು ನಿಮಗಿದ್ದರೆ ಮಾತ್ರ ಅದನ್ನು ತನ್ನಿ. ಮನೆಯಲ್ಲಿ ಐದು ವರ್ಷದೊಳಗಿನ ಮಕ್ಕಳಿದ್ದರೆ ಎರಡು ವರ್ಷ ತಡೆಯಿರಿ. ಮಗುವಿನ ಕೈಯಿಂದ ಜಾರಿ ಬಿದ್ದರೂ ಸಾಕು, ಈ ಮರಿಗಳ ಮುಂಗಾಲು ಮುರಿಯುತ್ತದೆ.