ಒಂದನೇ ತಟ್ಟೆಯ ಹತ್ತಿರ ಕೂರಲು ಕಲಿತಿದ್ದು

ಡಿ.ಎಡ್ ಎರಡನೇ ವರ್ಷದ ಇಂಟರ್ನ್‌ಶಿಪ್‌ಗೆ ನನಗೆ ಸಿಕ್ಕಿದ್ದು ಒಂದು ಹಳ್ಳಿ ಶಾಲೆಯ ನಲಿ-ಕಲಿ ಕೋಣೆ. ಒಂದು, ಎರಡು, ಮೂರನೇ ತರಗತಿ ಸೇರಿ 26 ಮಕ್ಕಳು, ಎಲ್ಲರೂ ಒಟ್ಟಿಗೆ. ಬೆಂಚು ಇಲ್ಲ, ಚಾಪೆ. ತಲೆ ಮೇಲೆ ದಾರಕ್ಕೆ ತೂಗುಬಿಟ್ಟ ಚಿತ್ರಗಳ ಚಪ್ಪರ. ಗೋಡೆಯ ಕೆಳಭಾಗದಲ್ಲಿ ಮಕ್ಕಳ ಕೈಗೆ ಎಟುಕುವಂತೆ ಕಪ್ಪು ಹಲಗೆ.

ಮೊದಲ ಪಾಠದ ಹಿಂದಿನ ರಾತ್ರಿ ಹನ್ನೊಂದರವರೆಗೆ ಕೂತು ಥರ್ಮಾಕೋಲಿನಲ್ಲಿ ಅಕ್ಷರ ಕತ್ತರಿಸಿ, ಬಣ್ಣ ಬಳಿದು, ಮಿಂಚು ಅಂಟಿಸಿದ್ದೆ. ಎದುರಿಗೆ ನಿಂತು ಜೋರಾಗಿ 'ರ' ಎಂದು ಶುರು ಮಾಡಿದೆ. ಐದು ನಿಮಿಷ ಎಲ್ಲರೂ ನನ್ನನ್ನೇ ನೋಡಿದರು. ಆಮೇಲೆ ಮೂರನೇ ತರಗತಿಯ ಹುಡುಗ, "ಮಿಸ್, ಇದು ನಮ್ಗೆ ಯಾವಾಗ್ಲೋ ಆಯ್ತು" ಎಂದ. ಇನ್ನೊಬ್ಬಳು ಅಕ್ಷರದ ಮಿಂಚು ಕೆರೆದು ಕೆನ್ನೆಗೆ ಹಚ್ಚಿಕೊಳ್ಳುತ್ತಿದ್ದಳು. ಕ್ಷೀರಭಾಗ್ಯದ ಹಾಲು ಬರುವ ಹೊತ್ತಿಗೆ ನನ್ನ ಗಂಟಲು ಕಟ್ಟಿತ್ತು.

ಆ ಕೋಣೆಯ ಮೇಡಂ ಬೈಯಲಿಲ್ಲ. "ನಾಳೆ ಇದೆಲ್ಲ ಮನೇಲೇ ಬಿಟ್ಟು ಬಾಮ್ಮ. ಒಂದ್ ವಾರ ಸುಮ್ನೆ ಕಾರ್ಡು ಜೋಡ್ಸು" ಎಂದರು ಅಷ್ಟೇ. ನನಗೆ ಒಳಗೊಳಗೇ ಅವಮಾನ ಆಯಿತು. ಎರಡು ವರ್ಷ ಓದಿದ್ದು ಕಾರ್ಡು ಜೋಡಿಸೋದಕ್ಕಾ?

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ನಲಿ-ಕಲಿ 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾಯಿತು. ಆಂಧ್ರದ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿ ಬಂದ ನಮ್ಮ ಸರ್ಕಾರಿ ಶಿಕ್ಷಕರೇ ಕೂತು ಕಾರ್ಡು ಬರೆದರು. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಇದರಲ್ಲಿ ಇಡೀ ತರಗತಿಗೆ ಒಂದೇ ಪಾಠ ಇರುವುದಿಲ್ಲ. ಗೋಡೆ ಮೇಲೆ ಕಲಿಯುವ ಹಂತಗಳನ್ನು ಮೆಟ್ಟಿಲುಗಳಂತೆ ತೋರಿಸುವ ಕಲಿಕಾ ಏಣಿ ಇರುತ್ತದೆ. ಮಗು ತಾನು ನಿಂತ ಮೆಟ್ಟಿಲು ನೋಡಿಕೊಂಡು, ಅದೇ ಗುರುತಿನ ಕಾರ್ಡು ಹುಡುಕಿ ತಂದು, ತನ್ನ ತಟ್ಟೆಯ ಸುತ್ತ ಕೂರುತ್ತದೆ. ಹೀಗೆ ಐದು ತಟ್ಟೆ, ಅಂದರೆ ಐದು ಗುಂಪು. ಒಂದನೆಯದಕ್ಕೆ ಶಿಕ್ಷಕರ ಪೂರ್ತಿ ಸಹಾಯ ಬೇಕು. ಮುಂದೆ ಹೋದಂತೆ ಅದು ಕಡಿಮೆಯಾಗಿ ಗೆಳೆಯರ ಸಹಾಯ, ಕೊನೆಯ ತಟ್ಟೆಯಲ್ಲಿ ಸ್ವಕಲಿಕೆ. ಕಾಲೇಜಿನಲ್ಲಿ ಇದನ್ನೆಲ್ಲ ಬಾಯಿಪಾಠ ಮಾಡಿ ಬರೆದು ಅಂಕ ತೆಗೆದಿದ್ದೆ.

ಆದರೂ ಮೊದಲ ಸಲ ಒಂದನೇ ತಟ್ಟೆಯ ಹತ್ತಿರ ಕೂತಾಗ ಹತ್ತೇ ನಿಮಿಷದಲ್ಲಿ ನನ್ನ ಸುತ್ತ ಹನ್ನೊಂದು ಮಕ್ಕಳು! ಸೀಮೆಸುಣ್ಣ ಇಲ್ಲ, ಕಾರ್ಡು ಸಿಗುತ್ತಿಲ್ಲ, ಇವನು ಹೊಡೆದ, ಮುಗೀತು ಮುಂದೇನು. ಒಬ್ಬಳಿಗೆ ಅವಸರದಲ್ಲಿ ತಪ್ಪು ಕಾರ್ಡು ಕೊಟ್ಟೆ. ಎರಡನೇ ತರಗತಿಯ ಹುಡುಗಿ ಅದನ್ನು ಕಿತ್ತುಕೊಂಡು, ಏಣಿಯ ಮೇಲೆ ಬೆರಳಿಟ್ಟು, "ಇವ್ಳು ಇನ್ನೂ ಇಲ್ಲೇ ಅವ್ಳೆ ಮಿಸ್" ಎಂದಳು.

ಕಾರ್ಡು ಜೋಡಿಸಿದ ವಾರ ಯಾಕೆ ಬೇಕಿತ್ತು ಅಂತ ಆಗ ತಿಳಿಯಿತು. ಮಗು ಎದ್ದು ಬರುತ್ತಿದ್ದುದು ಬಹಳ ಸಲ ತುಂಟತನಕ್ಕಲ್ಲ, ಅದರ ತಟ್ಟೆಯಲ್ಲಿ ಕೆಲಸ ಖಾಲಿಯಾಗಿರುತ್ತಿತ್ತು. ನಾಲ್ಕು, ಐದನೇ ತಟ್ಟೆಗೆ ಬೇಕಾದ್ದನ್ನು ಮೊದಲೇ ಇಟ್ಟರೆ ಮಾತ್ರ ಒಂದನೇ ತಟ್ಟೆಗೆ ನಾನು ಸಿಗುತ್ತೇನೆ. ಅಲ್ಲಿಂದ ಮುಂದೆ ಬೆಲ್ಲಿಗೆ ಅರ್ಧ ಗಂಟೆ ಮುಂಚೆ ಹೋಗತೊಡಗಿದೆ. ಸೀಮೆಸುಣ್ಣ ಮುರಿದು ಡಬ್ಬಿಗೆ ಹಾಕುವುದು. ಹುಣಸೆ ಬೀಜ ಎಣಿಸಿಡುವುದು. ಹರಿದ ಕಾರ್ಡಿಗೆ ಟೇಪು ಹಚ್ಚುವುದು. ಯಾರ ಪಕ್ಕ ಯಾರು ಕೂತರೆ ಜಗಳ ಇಲ್ಲ ಎಂದು ನೋಡಿಕೊಳ್ಳುವುದು. ಪಾಠಯೋಜನೆ ಪುಸ್ತಕದಲ್ಲಿ ಇದಕ್ಕೆ ಒಂದು ಕಾಲಂ ಕೂಡ ಇರಲಿಲ್ಲ. ನಾನು ಹಿಂದಿನ ಪುಟದಲ್ಲಿ ಬರೆದುಕೊಳ್ಳುತ್ತಿದ್ದೆ.

ಒಂದನೇ ತಟ್ಟೆಯಲ್ಲಿ ಒಬ್ಬ ಹುಡುಗ ಇದ್ದ. ಮಾತು ಬಹಳ ಕಡಿಮೆ. ನಲಿ-ಕಲಿಯಲ್ಲಿ ಅ ಆ ಇ ಈ ಇಂದ ಶುರು ಮಾಡುವುದಿಲ್ಲ, ರ ಗ ಸ ದ ಅ ಮೊದಲು. ಈ ಐದರಲ್ಲೇ ಸರ, ಅರಸ, ಅಗಸ ಎಂದು ಪದ ಕಟ್ಟಬಹುದು. ಇವನು ಎಲ್ಲ ಕಾರ್ಡನ್ನೂ ಪಟಪಟ ಓದುತ್ತಿದ್ದ. ಓದು ಬಂದಿದೆ ಎಂದೇ ಮೂರು ದಿನ ನಂಬಿದ್ದೆ. ನಾಲ್ಕನೇ ದಿನ 'ಸರ' ಎಂದು ಬರೆದ ಕಾರ್ಡು ತೋರಿಸಿದೆ. "ಚೈನು" ಎಂದ. ಪಾಪ, ಅಷ್ಟು ದಿನವೂ ಓದುತ್ತಿದ್ದದ್ದು ಚಿತ್ರವನ್ನು! ಚಿತ್ರದ ಮೇಲೆ ಅಂಗೈ ಇಟ್ಟೆ. ಸುಮ್ಮನಾಗಿಬಿಟ್ಟ.

ನೆಲದ ಮೇಲೆ ಐದೂ ಅಕ್ಷರ ದೊಡ್ಡದಾಗಿ ಬರೆದೆ. ನಾನು ಹೇಳಿದ ಅಕ್ಷರದ ಮೇಲೆ ಅವನು ಕುಪ್ಪಳಿಸಬೇಕು. ಆಮೇಲೆ ಅವನು ಹೇಳಬೇಕು, ನಾನು ಕುಪ್ಪಳಿಸಬೇಕು. ಸೀರೆ ಉಟ್ಟುಕೊಂಡು ಕುಪ್ಪಳಿಸುವುದು ಎಷ್ಟು ಕಷ್ಟ ಅಂತ ಅನುಭವಿಸಿದವರಿಗೇ ಗೊತ್ತು. ನಾನು ಬೇಕೆಂದೇ ತಪ್ಪು ಅಕ್ಷರಕ್ಕೆ ಹಾರಿದರೆ ನಗುತ್ತಿದ್ದ, ನಕ್ಕು ಸರಿ ಮಾಡುತ್ತಿದ್ದ. ಒಂಬತ್ತು ದಿನ ಇದೇ ಕೆಲಸ. ಅಷ್ಟು ಹೊತ್ತು ಒಬ್ಬನ ಜೊತೆ ಇರಲು ಆದದ್ದು ಉಳಿದ ನಾಲ್ಕು ತಟ್ಟೆಗಳು ತಮ್ಮ ಪಾಡಿಗೆ ನಡೆಯುತ್ತಿದ್ದುದರಿಂದ.

ಹತ್ತನೇ ದಿನ ಚಿತ್ರವಿಲ್ಲದ ಚೀಟಿಯಲ್ಲಿ 'ಗರಗಸ' ಬರೆದು ಕೊಟ್ಟೆ. ಗ... ರ... ಎಂದು ಬಹಳ ಹೊತ್ತು ಗುನುಗಿದ. ಬಾಯಿ ತುದಿಗೆ ಬಂದ ಸಹಾಯವನ್ನು ನಾನು ನುಂಗಿಕೊಂಡೆ. ಆಮೇಲೆ ತಲೆ ಎತ್ತಿ, "ನಮ್ಮಪ್ಪನ್ ತಾವ ಐತೆ" ಎಂದ. ಅವರಪ್ಪ ಬಡಗಿ.

ಅದೇ ವಾರ ಕಾಲೇಜಿನಿಂದ ಉಪನ್ಯಾಸಕರು ಪಾಠ ವೀಕ್ಷಣೆಗೆ ಬಂದರು. ಬಾಗಿಲಲ್ಲಿ ನಿಂತು, "ಟೀಚರ್ ಎಲ್ಲಿ?" ಎಂದು ಮಕ್ಕಳನ್ನು ಕೇಳಿದರು. ನಾನು ಚಾಪೆ ಮೇಲಿಂದ ಎದ್ದು ನಿಂತು ನಮಸ್ಕಾರ ಹೇಳಿದೆ. ಇಪ್ಪತ್ತು ನಿಮಿಷ ಕೂತು ಹೋದರು. ವೀಕ್ಷಣಾ ಪುಸ್ತಕದಲ್ಲಿ ಕೆಂಪು ಪೆನ್ನಿನಲ್ಲಿ, "ಧ್ವನಿ ಇನ್ನೂ ಜೋರಾಗಿರಲಿ. ಕಲಿಕೋಪಕರಣ ಆಕರ್ಷಕವಾಗಿರಲಿ" ಎಂದು ಬರೆದಿದ್ದರು. ಮೇಡಂ ಅದನ್ನು ಓದಿ ನಕ್ಕು, "ನಿನ್ ಥರ್ಮಾಕೋಲು ಇನ್ನೂ ಇದ್ಯಾ?" ಎಂದು ಕೇಳಿದರು.