ಹೂ ಕಟ್ಟುವ ದಾರ ಮತ್ತು ಸ್ಯಾನ್ ಫ್ರಾನ್ಸಿಸ್ಕೊ

ಮಗಳ ಬಾಣಂತನಕ್ಕೆಂದು ನಾವು ಹೊರಟದ್ದು 2023ರ ಜನವರಿಯಲ್ಲಿ. ಟಿಕೆಟ್ ಕೈಗೆ ಬಂದ ದಿನ ನನ್ನವಳು ಕನ್ನಡಕ ಏರಿಸಿಕೊಂಡು ಓದಿದಳು: ಬೆಂಗಳೂರು ಬಿಡುವುದು ಮಧ್ಯಾಹ್ನ 2.20ಕ್ಕೆ, ಸ್ಯಾನ್ ಫ್ರಾನ್ಸಿಸ್ಕೊ ಮುಟ್ಟುವುದು ಅದೇ ದಿನ ಸಂಜೆ 5.30ಕ್ಕೆ. "ಮೂರೇ ತಾಸಾ? ದಾವಣಗೆರೆಯಿಂದ ಬೆಂಗಳೂರಿಗೇ ಅದಕ್ಕಿಂತ ಜಾಸ್ತಿ ಬೇಕಲ್ರೀ!"

ಚಳಿಗಾಲದಲ್ಲಿ ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಹದಿಮೂರೂವರೆ ತಾಸು ಹಿಂದೆ. ಅದನ್ನು ಕೂಡಿಸಿ 16 ತಾಸು 40 ನಿಮಿಷ ಅಂದೆ. ಮೊಣಕಾಲು ನೋವಿನವಳ ಮುಖ ಸಪ್ಪಗಾಯಿತು. "ಅಷ್ಟು ದೂರಾನಾ?"

ಗಣಿತದ ಮೇಷ್ಟ್ರಾಗಿ ನಿವೃತ್ತನಾದವನನ್ನು ಕೇಳುವ ಪ್ರಶ್ನೆಯೇ ಇದು! ಗೋಡೆಯ ನಕ್ಷೆಯ ಮೇಲೆ ಸ್ಕೇಲ್ ಇಟ್ಟೆ. ಆಫ್ರಿಕಾ, ಅಟ್ಲಾಂಟಿಕ್ ಹಾದು 20 ಸಾವಿರ ಕಿ.ಮೀ. ದಾಟಿತು. ಹಾಗಾಗಲಾರದು, ದುಂಡಗಿನ ಭೂಮಿಯನ್ನು ಹಾಳೆಗೆ ಹಾಸಿದ ಮೇಲೆ ಸ್ಕೇಲನ್ನು ನಂಬಬಾರದು ಎಂದು ಮಕ್ಕಳಿಗೆ ಹೇಳುತ್ತಿದ್ದವನು ನಾನೇ. ಅಟ್ಟದಿಂದ ಹಳೆಯ ಗ್ಲೋಬ್ ಇಳಿಸಿದೆ, 30 ಸೆಂ.ಮೀ. ವ್ಯಾಸದ್ದು. ನನ್ನವಳ ಹೂ ಕಟ್ಟುವ ದಾರದ ಒಂದು ತುದಿ ಬೆಂಗಳೂರಿಗೆ, ಇನ್ನೊಂದು ಸ್ಯಾನ್ ಫ್ರಾನ್ಸಿಸ್ಕೊಗೆ ಒತ್ತಿ ಬಿಗಿಯಾಗಿ ಎಳೆದರೆ, ದಾರ ತಾನಾಗಿಯೇ ಮೇಲಕ್ಕೆ ಜಾರಿ ಹಿಮಾಲಯ, ಚೀನಾ, ಸೈಬೀರಿಯಾ, ಅಲಾಸ್ಕಾದ ಮೇಲೆ ಕೂತಿತು. ಅಳೆದಾಗ 33 ಸೆಂ.ಮೀ. ಈ ಗ್ಲೋಬಿನ ಸುತ್ತಳತೆ 94 ಸೆಂ.ಮೀ., ಭೂಮಿಯದು 40 ಸಾವಿರ ಕಿ.ಮೀ.; ಅಂದರೆ ಒಂದು ಸೆಂ.ಮೀ.ಗೆ ಸುಮಾರು 425 ಕಿ.ಮೀ. ಲೆಕ್ಕ ಬಂದದ್ದು 14 ಸಾವಿರ. ಆಮೇಲೆ ಅಕ್ಷಾಂಶ, ರೇಖಾಂಶ ಹಾಕಿ ಸೂತ್ರದಿಂದ ತೆಗೆದರೂ 13,990!

ಗಂಟೆಗೆ 900 ಕಿ.ಮೀ. ಎಂದರೆ ಹದಿನೈದೂವರೆ ತಾಸು. ಉಳಿದ ಒಂದು ತಾಸು ಏರಿಳಿಯಲಿಕ್ಕೆ, ಸುತ್ತು ಬಳಸಲಿಕ್ಕೆ ಎಂದು ವಿವರಿಸಿದೆ. ಬಹಳ ಸಮಾಧಾನವಾಗಿತ್ತು, ನನಗೆ.

ವಿಮಾನ ಹತ್ತಿದ ಮೇಲೆ ಎದುರಿನ ಪರದೆಯಲ್ಲಿ ನೋಡುತ್ತೇನೆ, ಹಿಮಾಲಯದ ಕಡೆ ತಿರುಗಲೇ ಇಲ್ಲ. ಬಂಗಾಳ ಕೊಲ್ಲಿ, ಮ್ಯಾನ್ಮಾರ್, ಚೀನಾ, ಜಪಾನ್! ನನ್ನವಳು ಬಾಯಿ ಬಿಡಲಿಲ್ಲ, ನಕ್ಕಳು. ಜಪಾನ್ ದಾಟಿದ ಮೇಲೆ ವೇಗ 1,130 ತೋರಿಸಿತು. ಆಗ ಹೊಳೆಯಿತು. ಆ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹೊಳೆಯಂತೆ ಹರಿಯುವ ಗಾಳಿ, ಜೆಟ್ ಸ್ಟ್ರೀಮ್, ಚಳಿಗಾಲದಲ್ಲಿ ಜಪಾನಿನ ಮೇಲೆ ತುಂಬಾ ಜೋರು; ಪೂರ್ವಕ್ಕೆ ಹೊರಟ ನಮ್ಮನ್ನು ಅದು ಹಿಂದಿನಿಂದ ತಳ್ಳುತ್ತಿತ್ತು. 2016ರಲ್ಲಿ ಏರ್ ಇಂಡಿಯಾ ತನ್ನ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ ವಿಮಾನವನ್ನು ಅಟ್ಲಾಂಟಿಕ್ ಬಿಟ್ಟು ಪೆಸಿಫಿಕ್ ಮೇಲೆ ಹಾರಿಸಿದಾಗ ದಾರಿ ಸುಮಾರು 1,400 ಕಿ.ಮೀ. ಹೆಚ್ಚಾಗಿತ್ತು, ಹೊತ್ತು ಮಾತ್ರ ಸುಮಾರು ಎರಡು ತಾಸು ಕಡಿಮೆ. ಹಿಮಾಲಯದ ಕಥೆ ಬೇರೆ: ಕ್ಯಾಬಿನ್ ಒತ್ತಡ ಕೈಕೊಟ್ಟರೆ ವಿಮಾನ 10 ಸಾವಿರ ಅಡಿಗೆ ಇಳಿಯಬೇಕು, ಟಿಬೆಟ್ಟಿನ ನೆಲವೇ ಅದಕ್ಕಿಂತ ಎತ್ತರ.

ಮೇ ತಿಂಗಳಲ್ಲಿ ವಾಪಸು ಬರುವಾಗ ಬಾಯಿ ಮುಚ್ಚಿಕೊಂಡು ಕೂತಿದ್ದೆ. ಕೆನಡಾ ದಾಟಿ ಪರದೆಯ ನಕ್ಷೆಯೆಲ್ಲ ಉತ್ತರದ ಹಿಮದಿಂದ ಬಿಳಿಯಾದಾಗ ಅವಳೇ ಮೊಣಕೈಯಿಂದ ತಿವಿದಳು: "ಗಾಳಿ ಈಗ ಎದುರಿಗೈತೇನ್ರೀ?"