ಹಿತ್ತಿಲಿಗೆ ಚಪ್ಪಡಿ ಹಾಸು: ಕಲ್ಲು ಕೂರಿಸುವ ಮುಂಚಿನ ಕೆಲಸವೇ ಹೆಚ್ಚು

ಹಿತ್ತಿಲಿಗೆ ಹಾಸಿದ ಚಪ್ಪಡಿ ಒಂದೆರಡು ಮಳೆಗಾಲಕ್ಕೇ ಕುಸಿದು ನೀರು ನಿಲ್ಲತೊಡಗಿದರೆ, ತಪ್ಪು ಬಹುಪಾಲು ಕಲ್ಲಿನ ಅಡಿಯಲ್ಲಿರುತ್ತದೆ. ಇಲ್ಲಿ ಕೊಟ್ಟಿರುವುದು 12 ಅಡಿ ಉದ್ದ, 10 ಅಡಿ ಅಗಲದ ಜಾಗದ ಲೆಕ್ಕ.

3×2 ಅಡಿಯ, 3 ಇಂಚು ದಪ್ಪದ ಒರಟು ಗ್ರಾನೈಟ್ ಚಪ್ಪಡಿ 20 ಬೇಕು. ಒಂದೊಂದೂ ಸುಮಾರು 115 ಕಿಲೊ ತೂಗುತ್ತದೆ, ಇಬ್ಬರೇ ಎತ್ತಲು ಹೋಗಬೇಡಿ. ಒಂದಿಂಚು ದಪ್ಪದ ಶಹಾಬಾದ್ ಕಲ್ಲು ಈ ವಿಧಾನಕ್ಕೆ ಒಗ್ಗದು. ಮರಳಿನ ಮೇಲೆ ಹಾಸಿದರೆ ಬಿರಿಯುತ್ತದೆ, ಅದಕ್ಕೆ ಕಾಂಕ್ರೀಟ್ ಹಾಸೇ ಬೇಕು.

ಗೂಟ ನೆಟ್ಟು ದಾರ ಕಟ್ಟಿ. ಮೂಲೆಯಿಂದ ಒಂದು ಬದಿಗೆ 6 ಅಡಿ, ಇನ್ನೊಂದಕ್ಕೆ 8 ಅಡಿ ಗುರುತಿಸಿದಾಗ ನಡುವೆ 10 ಅಡಿ ಬಂದರೆ ಮೂಲೆಮಟ್ಟ ಸರಿ. ಮನೆಯಿಂದ ಹೊರಕ್ಕೆ ಅಡಿಗೆ ಕಾಲು ಇಂಚು ಇಳಿಜಾರು ಕೊಡಿ, ಅಂದರೆ 10 ಅಡಿಗೆ ಎರಡೂವರೆ ಇಂಚು. ಹಾಸು ಪ್ಲಿಂತ್ ಮಟ್ಟಕ್ಕಿಂತ, ಅಂದರೆ ಮನೆಯೊಳಗಿನ ನೆಲ ಕೂರುವ ಮಟ್ಟಕ್ಕಿಂತ, 6 ಇಂಚಾದರೂ ಕೆಳಗಿರಲಿ. ಇಲ್ಲದಿದ್ದರೆ ಗೋಡೆ ತೇವ ಹೀರುತ್ತದೆ.

ಎಂಟೂವರೆ ಇಂಚು ಅಗೆಯಿರಿ. ತಳಕ್ಕೂ ಅದೇ ಇಳಿಜಾರು ಇರಬೇಕು. ಎರೆಮಣ್ಣಾದರೆ ಇನ್ನೂ ಅರ್ಧ ಅಡಿ ತೆಗೆದು ಮೊರಂ (ಗರಸು ಮಣ್ಣು) ತುಂಬಿ. ಎರೆ ಮಳೆಗೆ ಉಬ್ಬಿ ಬೇಸಿಗೆಗೆ ಬಿರುಕು ಬಿಡುವುದರಿಂದ ಹಾಸೂ ಅದರೊಡನೆ ಏರಿಳಿಯುತ್ತದೆ.

20 ಮಿ.ಮೀ. ಜಲ್ಲಿಗೆ ಕ್ರಷರ್ ಪುಡಿ ಬೆರೆಸಿ, ಎರಡೆರಡು ಇಂಚಿನ ಪದರವಾಗಿ ಹರಡಿ, ನೀರು ಚಿಮುಕಿಸಿ ದಿಮ್ಮಸಿನಿಂದ ಬಡಿಯಿರಿ. ಬಡಿದ ಮೇಲೆ 4 ಇಂಚು ನಿಲ್ಲಬೇಕಾದರೆ ಸುಮಾರು 50 ಘನ ಅಡಿ ತರಿಸಬೇಕು. ನಾಲ್ಕು ಇಂಚನ್ನೂ ಒಮ್ಮೆಗೇ ಸುರಿದು ಬಡಿದರೆ ಮೇಲ್ಪದರ ಮಾತ್ರ ಗಟ್ಟಿಯಾಗುತ್ತದೆ, ಒಳಗೆಲ್ಲ ಸಡಿಲವೇ.

ಅದರ ಮೇಲೆ ಒಂದೂವರೆ ಇಂಚು ಎಂ-ಸ್ಯಾಂಡ್, ಒಟ್ಟು 18 ಘನ ಅಡಿಯಷ್ಟು. ಎರಡು ಮೂರು ಕಲ್ಲಿಗೆ ಸಾಕಾಗುವಷ್ಟನ್ನೇ ಹರಡುತ್ತ ಹೋಗಿ. ಒರಟು ಕಲ್ಲಿನ ದಪ್ಪ ಒಂದೇ ಸಮ ಇರುವುದಿಲ್ಲ, ಒಂದೊಂದಕ್ಕೂ ಮರಳು ತಿದ್ದಬೇಕಾಗುತ್ತದೆ. ಮನೆಯ ಕಡೆಯ ಮೂಲೆಯಿಂದ ಶುರು ಮಾಡಿ. ಕಬ್ಬಿಣದ ಪೈಪುಗಳ ಮೇಲೆ ಕಲ್ಲನ್ನು ಉರುಳಿಸಿ ತಂದು ಹಾರೆಯಿಂದ ಇಳಿಸಿ. ಅಂಚಿನಡಿ ಬೆರಳು ಬೇಡವೇ ಬೇಡ. ಅರ್ಧ ಇಂಚು ಸಂದಿ ಬಿಡಿ. ನಾಲ್ಕು ಮೂಲೆಗಳು ಒಂದೆಡೆ ಕೂಡದಂತೆ ಸಾಲು ತಪ್ಪಿಸಿ ಹಾಸಿ.

ಕೂರಿಸಿದ ಕಲ್ಲಿನ ನಾಲ್ಕು ಮೂಲೆಯನ್ನೂ ತುಳಿದು ನೋಡಿ. ಅಲುಗಿದರೆ ಎತ್ತಿ ಮರಳನ್ನು ಗಮನಿಸಿ: ಒತ್ತಿ ಗಟ್ಟಿಯಾದ ಕಡೆ ಉಬ್ಬು, ಕಲ್ಲು ತಾಗದೇ ಉಳಿದ ಕಡೆ ತಗ್ಗು. ಉಬ್ಬು ಕೆರೆದು ತಗ್ಗು ತುಂಬಿ ಮತ್ತೆ ಕೂರಿಸಿ. ಮೂಲೆಗೆ ಚಕ್ಕೆ ತುರುಕುವ ಅಭ್ಯಾಸ ಬಹಳ ಕಡೆ ಇದೆ. ಇದು ಕೆಟ್ಟ ಕೆಲಸ. ಭಾರವೆಲ್ಲ ಆ ಚಕ್ಕೆಯ ಮೇಲೇ ಬಿದ್ದು ಚಪ್ಪಡಿ ಸೀಳುವ ಅಪಾಯವಿದೆ.

ಸಂದಿ ತುಂಬುವ ಮೊದಲು ಉದ್ದನೆಯ ಪಟ್ಟಿಯ ಮೇಲೆ ರಸಮಟ್ಟವಿಟ್ಟು ಇಳಿಜಾರು ನೋಡಿಕೊಳ್ಳಿ. ಆಮೇಲೆ ಕ್ರಷರ್ ಪುಡಿ ಗುಡಿಸಿ ಸೇರಿಸಿ, ನೀರು ಹಾಯಿಸಿ, ಇಳಿದಷ್ಟನ್ನು ಮತ್ತೆ ತುಂಬಿ. ಸಿಮೆಂಟ್ ಬೇಡ. ಮರಳಿನ ಮೇಲಿನ ಕಲ್ಲು ಒಂದಿಷ್ಟು ಸರಿದರೂ ಅದು ಬಿರಿದು ಏಳುತ್ತದೆ. ಹೊರ ಅಂಚಿನ ಸುತ್ತ ಸೈಜುಗಲ್ಲು ಹುಗಿದು ಕಾಂಕ್ರೀಟ್‌ನಿಂದ ಬಿಗಿಯಿರಿ, ಇಲ್ಲವಾದರೆ ಮಳೆಗೆ ಅಡಿಯ ಮರಳು ಕೊಚ್ಚಿಹೋಗುತ್ತದೆ. ಮೊದಲ ಮಳೆಗಾಲ ಕಳೆದ ಮೇಲೆ ಸಂದಿಗಳಿಗೆ ಇನ್ನೊಮ್ಮೆ ಪುಡಿ ತುಂಬಬೇಕಾಗುತ್ತದೆ. ಒಂದೆರಡು ಚೀಲ ಎತ್ತಿಟ್ಟಿರಿ.